ಬಗ್ ಮುಚ್ಚುವ ಅಧಿಕಾರ ಯಾರದು?

ಭಾರತದ ಮುಕ್ತ ತಂತ್ರಾಂಶದ ಚರಿತ್ರೆ ಹೇಳುವಾಗ ಚೆನ್ನೈನ ಗಿಂಡಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗಿಂಡಿಯಲ್ಲಿ ಮುಖ್ಯ ಆವರಣವಿರುವ ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರ ಮತ್ತು ಗಿಂಡಿಗೆ ಹತ್ತಿರದ ತರಮಣಿಯಲ್ಲಿರುವ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಜೊತೆಗೂಡಿ 2005ರಲ್ಲಿ ಮುಕ್ತ ತಂತ್ರಾಂಶಕ್ಕೆಂದೇ ಒಂದು ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ಕಟ್ಟಿದವು. ದುಡ್ಡು ಕೇಂದ್ರ ಸರ್ಕಾರದ್ದು. ಅಣ್ಣಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಮುಕ್ತ ತಂತ್ರಾಂಶ ಐಚ್ಛಿಕ ವಿಷಯವಾಗಿ ಸೇರಿದ್ದು ಈ ಕೇಂದ್ರದ ಪ್ರಯತ್ನದಿಂದ. ‘ಬಾಸ್’ ಎಂಬ ಅಡ್ಡಹೆಸರಿನ ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್ ಕೂಡ ಇದೇ ಯೋಜನೆಯ ಕೂಸು. ಡೆಬಿಯನ್ ಲಿನಕ್ಸ್‌ನ ಬುನಾದಿಯ ಮೇಲೆ ಕಟ್ಟಿದ ಈ ಕಾರ್ಯಾಚರಣಾ ವ್ಯವಸ್ಥೆ ಕನ್ನಡವೂ ಸೇರಿದಂತೆ ನಮ್ಮ ಹಲವು ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ನ ಪಕ್ಕದಲ್ಲಿ ಇದೂ ಇತ್ತು. ಸರ್ಕಾರದ ದುಡ್ಡಿನಲ್ಲಿ ತಯಾರಾಗಿ ಇಷ್ಟು ಜನರ ಕೈ ಸೇರುವ ತಂತ್ರಾಂಶದಲ್ಲಿ ಏನಾದರೂ ಕೆಟ್ಟರೆ ಬಳಸುವವರು ಅದನ್ನು ಎಲ್ಲಿ ಹೇಳಬೇಕು, ಹೇಳಿದ ಮೇಲೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಎಂಜಿನಿಯರುಗಳು ತಮ್ಮೊಳಗೇ ಇತ್ಯರ್ಥ ಮಾಡಿಕೊಳ್ಳುವ ವಿಷಯವಲ್ಲ. ತೆರಿಗೆ ಕಟ್ಟುವ ಎಲ್ಲರಿಗೂ ಅದರಲ್ಲಿ ಪಾಲಿದೆ.

ತಂತ್ರಾಂಶದ ದೋಷಗಳನ್ನು ಬರೆದಿಡುವ ವ್ಯವಸ್ಥೆಗೆ ಬಗ್ ಟ್ರ್ಯಾಕರ್ ಎನ್ನುತ್ತಾರೆ. ಬಂದ ಪ್ರತಿ ದೂರಿಗೂ ಒಂದು ಸಂಖ್ಯೆ ಸಿಗುತ್ತದೆ. ಯಾವ ಆವೃತ್ತಿಯಲ್ಲಿ ತೊಂದರೆ, ಯಾವ ಭಾಗದಲ್ಲಿ, ಎಷ್ಟು ಗಂಭೀರ, ಈಗ ಯಾರ ಕೈಯಲ್ಲಿದೆ, ಯಾವ ಹಂತದಲ್ಲಿದೆ ಎಂಬುದೆಲ್ಲ ಆ ಸಂಖ್ಯೆಯಡಿ ದಾಖಲಾಗುತ್ತದೆ. ಡೆಬಿಯನ್ ಯೋಜನೆ ತನ್ನ ಟ್ರ್ಯಾಕರನ್ನು 1994ರಲ್ಲೇ ಶುರು ಮಾಡಿತು. ತಮ್ಮ ತೊಂದರೆಗಳನ್ನು ಮುಚ್ಚಿಡುವುದಿಲ್ಲ, ದೋಷಗಳ ಪೂರ್ತಿ ದಾಖಲೆ ಸದಾ ಸಾರ್ವಜನಿಕರಿಗೆ ತೆರೆದಿರುತ್ತದೆ ಎಂದು 1997ರಲ್ಲಿ ತನ್ನ ಸಾಮಾಜಿಕ ಒಪ್ಪಂದದಲ್ಲೇ ಬರೆದುಕೊಂಡಿತು. ನೆಟ್‌ಸ್ಕೇಪ್ ಬ್ರೌಸರಿನ ಮೂಲ ಸಂಕೇತ ಬಹಿರಂಗವಾದ 1998ರಲ್ಲಿ ಬಗ್‌ಜಿಲ್ಲಾ ಎಂಬ ಟ್ರ್ಯಾಕರ್ ಹುಟ್ಟಿತು. ಮುಂದೆ ಬಂದ ಬಹುಪಾಲು ಟ್ರ್ಯಾಕರುಗಳ ಮೇಲೆ ಈ ಎರಡರಲ್ಲಿ ಒಂದರ ನೆರಳಿದೆ. ಇಂಥ ವ್ಯವಸ್ಥೆಯನ್ನು ಹೊಸದಾಗಿ ರೂಪಿಸುವವರ ಗಮನವೆಲ್ಲ ಸಾಮಾನ್ಯವಾಗಿ ದೂರು ತೆಗೆದುಕೊಳ್ಳುವ ಫಾರಂ ಮೇಲೇ ಇರುತ್ತದೆ: ಎಷ್ಟು ಅಂಕಣ ಇರಬೇಕು, ಚಿತ್ರ ಸೇರಿಸಲು ಬರಬೇಕೇ, ಲಾಗಿನ್ ಬೇಕೇ. ಅವೂ ಬೇಕಾದವೇ. ಆದರೆ ಸಾರ್ವಜನಿಕ ಟ್ರ್ಯಾಕರಿನ ಸತ್ವ ತಿಳಿಯುವುದು ದೂರು ಒಳಗೆ ಬರುವ ಬಾಗಿಲಿನಲ್ಲಲ್ಲ, ಮುಚ್ಚಿಹೋಗುವ ಬಾಗಿಲಿನಲ್ಲಿ ಎಂಬುದು ನನ್ನ ವಾದ. ಯಾರು ಮುಚ್ಚಿದರು, ಏನು ಕಾರಣ ಕೊಟ್ಟರು, ಆ ಕಾರಣ ಎಲ್ಲರ ಕಣ್ಣಿಗೆ ಬೀಳುತ್ತದೆಯೇ, ದೂರು ಕೊಟ್ಟವರು ಅದನ್ನು ಮತ್ತೆ ತೆರೆಸಬಹುದೇ? ಇವನ್ನು ಮೊದಲು ಗಟ್ಟಿ ಮಾಡಿಕೊಂಡು ಉಳಿದದ್ದನ್ನು ಆಮೇಲೆ ಕಟ್ಟಬೇಕು.

ಕನ್ನಡ ಟೈಪ್ ಮಾಡುವ ಎಲ್ಲರಿಗೂ ಪರಿಚಯವಿರುವ ಒಂದು ದೋಷವನ್ನೇ ಹತ್ತಿರದಿಂದ ನೋಡೋಣ. ‘ರ‍್ಯಾಂಕ್’ ಎಂದು ಬರೆಯಹೊರಟರೆ ತೆರೆಯ ಮೇಲೆ ‘ರ್ಯಾಂಕ್’ ಎಂದು ಮೂಡುತ್ತದೆ. ರಕಾರ ಅರ್ಕಾವೊತ್ತಾಗಿ ಯಾ ಬಲಕ್ಕೆ ಹೋಗಿ ಕೂರುತ್ತದೆ. ‘ಸೂರ್ಯ’ಕ್ಕೆ ಅದು ಸರಿ, ‘ರ‍್ಯಾಲಿ’ಗೆ ಸರಿಯಲ್ಲ. ಯುನಿಕೋಡ್ ನಿಯಮದ ಪ್ರಕಾರ ರ, ಹಲಂತ, ಯ ಮೂರೂ ಸಾಲಾಗಿ ಬಂದರೆ ಅರ್ಕಾವೊತ್ತು ಬರಬೇಕು. ರಕಾರ ತನ್ನ ಜಾಗದಲ್ಲೇ ಉಳಿದು ಯಕಾರ ಒತ್ತಾಗಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಸೇರಿಸಬೇಕು. ಈಗ ಶಿವಮೊಗ್ಗದ ಒಬ್ಬ ಶಿಕ್ಷಕರು ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಒಂದು ಸಾಲಿನ ದೂರು ಹಾಕುತ್ತಾರೆ ಎನ್ನಿ. ತಪ್ಪು ಎಲ್ಲಿದೆ? ಅವರ ಕೀಲಿಮಣೆ ವಿನ್ಯಾಸ ಆ ಜೋಡಕ ಚಿಹ್ನೆಯನ್ನು ಕೊಡದೆ ಇರಬಹುದು. ಚಿಹ್ನೆ ಇದ್ದರೂ ಅಕ್ಷರ ಜೋಡಿಸುವ ಹಾರ್ಫ್‌ಬಝ್‌ನಂಥ ಎಂಜಿನ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು. ಎಂಜಿನ್ ಸರಿಯಿದ್ದೂ ಫಾಂಟಿನಲ್ಲಿ ಬೇಕಾದ ನಿಯಮ ಇಲ್ಲದಿರಬಹುದು. ಇವೆಲ್ಲ ನೆಟ್ಟಗಿದ್ದು, ಕಡತ ಉಳಿಸುವಾಗ ಆ ತಂತ್ರಾಂಶವೇ ಕಾಣದ ಚಿಹ್ನೆಯನ್ನು ಕಸವೆಂದು ತೆಗೆದುಹಾಕಿರಲೂಬಹುದು. ನಾಲ್ಕು ಬೇರೆ ಬೇರೆ ತಂಡಗಳು, ನಾಲ್ಕು ಬೇರೆ ಬೇರೆ ಊರುಗಳು. ಪ್ರತಿ ತಂಡವೂ ‘ಇದು ನಮ್ಮದಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಿ ದೂರನ್ನು ಮುಚ್ಚಬಹುದು. ನಾಲ್ಕು ಕಡೆಯೂ ಅದು ಮುಚ್ಚಿರುತ್ತದೆ, ಶಿಕ್ಷಕರ ಪ್ರಶ್ನೆಪತ್ರಿಕೆಯಲ್ಲಿ ಅರ್ಕಾವೊತ್ತು ಮಾತ್ರ ಹಾಗೆಯೇ ಉಳಿದಿರುತ್ತದೆ.

ಡೆಬಿಯನ್ನಿನವರು ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು, ನನ್ನ ಮಟ್ಟಿಗೆ ಅವರ ಟ್ರ್ಯಾಕರಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಗುಣವೂ ಅದೇ. ದೋಷದ ಮೂಲ ಬೇರೆ ಯೋಜನೆಯಲ್ಲಿದೆ ಎಂದು ಗೊತ್ತಾದರೆ ಅಲ್ಲಿಗೆ ಕಳಿಸಿ, ಕಳಿಸಿದ ವಿಳಾಸವನ್ನು ಇಲ್ಲೇ ನಮೂದಿಸಿ, ಇಲ್ಲಿಯ ದೂರನ್ನು ತೆರೆದೇ ಇಡುವುದು ಅಲ್ಲಿಯ ವಾಡಿಕೆ. ಅಲ್ಲಿ ಸರಿಯಾಗಿ, ಆ ತಿದ್ದುಪಡಿ ಇಲ್ಲಿಯ ಪ್ಯಾಕೇಜಿಗೆ ಬಂದ ಮೇಲಷ್ಟೇ ಮುಚ್ಚುತ್ತಾರೆ. ತನ್ನ ಬಹುಪಾಲು ಸಂಕೇತವನ್ನು ಡೆಬಿಯನ್ನಿನಿಂದಲೇ ಪಡೆಯುವ ಬಾಸ್‌ನಂಥ ಯೋಜನೆಗೆ ಇದು ಪ್ರಾಣದಷ್ಟೇ ಮುಖ್ಯ. ಅದರೊಳಗಿನ ದೋಷಗಳಲ್ಲಿ ಹೆಚ್ಚಿನವು ಬೇರೆಯವರ ಮನೆಯಲ್ಲಿ ಹುಟ್ಟಿದವೇ ಆಗಿರುತ್ತವೆ. ಹಾಗೆಂದು ಬಳಕೆದಾರರನ್ನು ಅಲ್ಲಿಗೆ ಹೋಗಿ ಕೇಳಿ ಎಂದು ಕಳಿಸಿಬಿಟ್ಟರೆ, ಹಂಚಿದವರ ಹೊಣೆ ಏನು ಉಳಿಯಿತು? ದೂರು ಎಷ್ಟು ಕೈ ದಾಟಿದರೂ ಮೊದಲು ತೆಗೆದುಕೊಂಡವರ ಲೆಕ್ಕದಲ್ಲಿ ಅದು ಕೊನೆಯವರೆಗೂ ಉಳಿಯಬೇಕು.

ಮುಚ್ಚುವ ಕ್ರಿಯೆಯಲ್ಲೂ ಮೆಟ್ಟಿಲುಗಳಿರಬೇಕು. ಬಗ್‌ಜಿಲ್ಲಾ ‘ಬಗೆಹರಿದಿದೆ’ ಮತ್ತು ‘ಪರಿಶೀಲಿಸಲಾಗಿದೆ’ ಎಂಬ ಎರಡು ಹಂತಗಳನ್ನು ಬೇರೆಯಾಗಿ ಇಟ್ಟಿತು. ತಿದ್ದಿದವರು ಮೊದಲನೆಯದನ್ನು ಬರೆದರೆ, ಎರಡನೆಯದನ್ನು ಪರೀಕ್ಷಿಸಿ ನೋಡಿದವರು ಬರೆಯುತ್ತಾರೆ. ಬಗೆಹರಿದದ್ದು ಹೇಗೆ ಎನ್ನುವುದಕ್ಕೂ ಕಾರಣ ಕೊಡಬೇಕು: ತಿದ್ದಿದ್ದೇವೆ, ಇದು ದೋಷವೇ ಅಲ್ಲ, ಈಗಾಗಲೇ ಬೇರೆ ಸಂಖ್ಯೆಯಲ್ಲಿದೆ, ನಮ್ಮಲ್ಲಿ ಮರುಕಳಿಸಲಿಲ್ಲ, ತಿದ್ದುವುದಿಲ್ಲ. ಕೊನೆಯದನ್ನು ನಾನು ಬಹಳ ಗೌರವಿಸುತ್ತೇನೆ. ‘ದೋಷ ಇರುವುದು ನಿಜ, ಆದರೆ ನಾವು ತಿದ್ದುವುದಿಲ್ಲ’ ಎಂದು ಎಲ್ಲರೆದುರು ಬರೆದು ಕಾರಣ ಕೊಡುವುದಕ್ಕೆ ಧೈರ್ಯ ಬೇಕು. ನಮ್ಮ ಕಚೇರಿಗಳ ದೂರು ವ್ಯವಸ್ಥೆಗಳಲ್ಲಿ ಅಂಥ ಮಾತು ಕೇಳಸಿಗುವುದು ಅಪರೂಪ. ‘ನಿಮ್ಮ ದೂರು ವಿಲೇವಾರಿಯಾಗಿದೆ’ ಎಂಬ ಸಂದೇಶ ಮೊಬೈಲಿಗೆ ಬಂದರೆ ಅದರ ಹಿಂದೆ ಆ ಐದರಲ್ಲಿ ಯಾವುದು ನಡೆಯಿತೆಂದು ತಿಳಿಯುವ ದಾರಿಯಿಲ್ಲ. ಡೆಬಿಯನ್‌ನಲ್ಲಿ ದೂರು ಮುಚ್ಚುವವರು ಬರೆದ ವಿವರಣೆ ದೂರು ಕೊಟ್ಟವರಿಗೆ ಇಮೇಲ್ ಮೂಲಕ ತಾನಾಗಿ ಹೋಗುತ್ತದೆ. ಅವರು ಒಪ್ಪದಿದ್ದರೆ ಮತ್ತೆ ತೆರೆಯಬಹುದು. ಮುಚ್ಚಿ 28 ದಿನ ಯಾರೂ ಏನೂ ಬರೆಯದಿದ್ದರೆ ಮಾತ್ರ ಅದು ಹಳೆಯ ಕಡತಗಳ ಸಾಲಿಗೆ ಸೇರುತ್ತದೆ, ಆಗಲೂ ಯಾರು ಬೇಕಾದರೂ ಓದಬಹುದು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಮುಕ್ತ ತಂತ್ರಾಂಶದ ಲೋಕದಲ್ಲೇ ಉದಾಹರಣೆಗಳಿವೆ. ಗ್ನೋಮ್ ಡೆಸ್ಕ್‌ಟಾಪ್ ತನ್ನ ಎರಡನೆಯ ಪೀಳಿಗೆಗೆ ಕಾಲಿಟ್ಟ ಮೇಲೆ ಹಳೆಯ ಆವೃತ್ತಿಯ ಮೇಲಿದ್ದ ದೂರುಗಳನ್ನು ಒಂದೊಂದಾಗಿ ಪರೀಕ್ಷಿಸದೆ ಸಗಟಾಗಿ ಮುಚ್ಚಿತು. ಇನ್ನೂ ತೊಂದರೆ ಇದ್ದರೆ ಮತ್ತೆ ಬರೆಯಿರಿ ಎಂದಿತು. ನೆಟ್‌ಸ್ಕೇಪಿನ ಹಳಬರಾದ ಜೇಮೀ ಜವಿನ್‌ಸ್ಕಿ 2003ರಲ್ಲಿ ಇದನ್ನು ಕಟುವಾಗಿ ಟೀಕಿಸಿದ ಬರಹವನ್ನು ಇಂದಿಗೂ ಜನ ನೆನೆಯುತ್ತಾರೆ. ದೋಷ ಹುಡುಕಿ, ಹಂತ ಹಂತವಾಗಿ ವಿವರಿಸಿ, ವರ್ಷಗಟ್ಟಲೆ ಕಾದವರ ಶ್ರಮ ಒಂದು ಆಜ್ಞೆಯಲ್ಲಿ ಅಳಿಸಿಹೋದರೆ ಅವರು ಮತ್ತೆ ಬರೆಯುತ್ತಾರೆಂದು ಯಾಕೆ ನಿರೀಕ್ಷಿಸಬೇಕು? ಈಗ ಅದೇ ಕೆಲಸವನ್ನು ಯಂತ್ರಗಳಿಗೆ ವಹಿಸಿದ್ದೇವೆ. ಗಿಟ್‌ಹಬ್‌ನ ಅನೇಕ ಯೋಜನೆಗಳಲ್ಲಿ ಇಷ್ಟು ದಿನ ಚಟುವಟಿಕೆ ಇಲ್ಲವೆಂಬ ಒಂದೇ ಕಾರಣಕ್ಕೆ ದೂರನ್ನು ಹಳಸಿದ್ದೆಂದು ಗುರುತು ಹಾಕಿ ಮುಚ್ಚುವ ಬಾಟ್‌ಗಳಿವೆ. ಚಟುವಟಿಕೆ ಇಲ್ಲದಿರಲು ಬಹಳ ಸಲ ತಂಡ ಉತ್ತರಿಸದಿರುವುದೇ ಕಾರಣ. ಉತ್ತರಿಸದವರ ಮೌನಕ್ಕೆ ದೂರು ಕೊಟ್ಟವರಿಗೆ ಶಿಕ್ಷೆ ಕೊಡುವ ಏರ್ಪಾಡು ಸಾರ್ವಜನಿಕ ಹಣದ ಯೋಜನೆಯಲ್ಲಿ ಇರಕೂಡದು. ಹಳೆಯ ದೂರುಗಳನ್ನು ಬೇರೆ ಪಟ್ಟಿಗೆ ಸರಿಸಿ, ಮುಂದಿನ ಕೆಲಸಕ್ಕೆ ಅಡ್ಡವಾಗದಂತೆ ಇಡಬಹುದು. ಬಗೆಹರಿದಿದೆ ಎಂದು ಬರೆಯುವಂತಿಲ್ಲ.

ಟ್ರ್ಯಾಕರ್ ಪೂರ್ತಿ ಮುಚ್ಚಿದ್ದರೆ ಏನಾಗುತ್ತದೆಂದು ನಮ್ಮ ನೆರೆಯ ಭಾಷೆಯೇ 2018ರ ಫೆಬ್ರುವರಿಯಲ್ಲಿ ಜಗತ್ತಿಗೆ ತೋರಿಸಿತು. ತೆಲುಗಿನ ‘ಜ್ಞಾ’ ಎಂಬ ಅಕ್ಷರಗುಚ್ಛವನ್ನು ಒಂದು ವಿಶೇಷ ಚಿಹ್ನೆಯೊಡನೆ ಕಳಿಸಿದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಕಿಡಿಗೇಡಿಗಳು ಅದನ್ನೇ ಆಟವಾಗಿಸಿಕೊಂಡರು. ಆಪಲ್ ಕಂಪನಿ ಅದೇ ತಿಂಗಳು ತಿದ್ದುಪಡಿ ಹೊರಡಿಸಿತು. ಆದರೆ ಆ ಕಂಪನಿಯ ದೋಷದಾಖಲೆ ಹೊರಗಿನವರಿಗೆ ಕಾಣುವುದಿಲ್ಲ. ದೂರು ಕೊಟ್ಟವರಿಗೆ ತಮ್ಮದಷ್ಟೇ ಕಾಣುತ್ತದೆ, ಬೇರೆಯವರದ್ದಲ್ಲ. ಇದರಿಂದ ಬೇಸತ್ತ ಡೆವಲಪರುಗಳು ತಾವು ಕಳಿಸಿದ ದೂರುಗಳ ಪ್ರತಿಯನ್ನು ಎಲ್ಲರೂ ನೋಡಲೆಂದು ಓಪನ್ ರೇಡಾರ್ ಎಂಬ ಜಾಗವನ್ನೇ ಕಟ್ಟಿಕೊಂಡರು. ತೆಲುಗಿನ ಆ ದೋಷಕ್ಕೆ ಬಂಗಾಳಿ, ದೇವನಾಗರಿಯ ಕೆಲವು ಗುಚ್ಛಗಳೂ ಸಿಕ್ಕಿಬಿದ್ದವು ಎಂಬುದನ್ನು ಹೊರಗಿನವರೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕಾಯಿತು. ಭಾರತೀಯ ಲಿಪಿಗಳ ರಚನೆ ಒಂದೇ ಬಗೆಯದು. ಒಂದು ಲಿಪಿಯಲ್ಲಿ ಕಂಡ ದೋಷ ಇನ್ನೊಂದರಲ್ಲೂ ಅಡಗಿರುವ ಸಂಭವ ಹೆಚ್ಚು. ತೆಲುಗಿನವರ ದೂರು ಕನ್ನಡಿಗರಿಗೆ ಕಾಣುವ ಟ್ರ್ಯಾಕರ್ ಇದ್ದರೆ ನಮಗೆ ತೊಂದರೆ ಬರುವ ಮೊದಲೇ ಪರೀಕ್ಷಿಸಿಕೊಳ್ಳಬಹುದು.

ಗಿಂಡಿಯ ಕಾಡಿನ ಅಂಚಿನಲ್ಲೇ ಇರುವ ಮದ್ರಾಸ್ ಐಐಟಿ ‘ಶಕ್ತಿ’ ಎಂಬ ಪ್ರೊಸೆಸರ್‌ಗಳ ವಿನ್ಯಾಸವನ್ನು ಮುಕ್ತವಾಗಿ ಹಂಚುತ್ತಿದೆ. ಅವುಗಳಲ್ಲೊಂದು 2018ರಲ್ಲಿ ಇಂಟೆಲ್‌ನ ಕಾರ್ಖಾನೆಯಲ್ಲಿ ಚಿಪ್ ಆಗಿ ತಯಾರಾಯಿತು. ತಂತ್ರಾಂಶದ ದೋಷವನ್ನು ಮುಂದಿನ ಅಪ್‌ಡೇಟಿನಲ್ಲಿ ತಿದ್ದಬಹುದು, ಸಿಲಿಕಾನಿನಲ್ಲಿ ಅಚ್ಚಾದ ದೋಷಕ್ಕೆ ಆ ಸೌಲಭ್ಯವಿಲ್ಲ. ಅದೇ ಇಂಟೆಲ್ 1994ರಲ್ಲಿ ತನ್ನ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿ ತಪ್ಪಿದೆಯೆಂದು ತಿಳಿದಿದ್ದೂ ಹೊರಗೆ ಹೇಳಲಿಲ್ಲ. ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ತಮ್ಮ ಲೆಕ್ಕದಲ್ಲಿ ಅದನ್ನು ಹಿಡಿದು ಇತರರಿಗೆ ಬರೆದ ಮೇಲೆಯೇ ವಿಷಯ ಬಯಲಾದದ್ದು. ಬಹುತೇಕರಿಗೆ ಇದು ತಟ್ಟುವುದೇ ಇಲ್ಲ ಎಂದು ಕೆಲವು ವಾರ ವಾದಿಸಿದ ಕಂಪನಿ ಕೊನೆಗೆ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಬೇಕಾಯಿತು. ಅದಕ್ಕೆಂದು 47.5 ಕೋಟಿ ಡಾಲರ್ ಖರ್ಚು ತೋರಿಸಿತು. ತಾಂತ್ರಿಕವಾಗಿ ಆ ತಪ್ಪು ಸಣ್ಣದೇ ಇದ್ದಿರಬಹುದು. ಜನ ಸಿಟ್ಟಾದದ್ದು ಗೊತ್ತಿದ್ದೂ ಹೇಳಲಿಲ್ಲ ಎಂಬುದಕ್ಕೆ.

ತಪ್ಪನ್ನು ಅಳೆದು ಬಹಿರಂಗವಾಗಿ ಹೇಳುವ ರೂಢಿ ಈ ಊರಿಗೆ ಹೊಸದಲ್ಲ. ಗಿಂಡಿಯ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದು 1794ರಲ್ಲಿ, ಸರ್ವೆ ಕಲಿಸುವ ಶಾಲೆಯಾಗಿ. ಅಲ್ಲಿಗೆ ಹತ್ತಿರದ ಸೇಂಟ್ ಥಾಮಸ್ ಮೌಂಟ್‌ನಿಂದ 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆದು ಭಾರತದ ಮಹಾ ಸರ್ವೆಗೆ ನಾಂದಿ ಹಾಡಿದರು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೇ ಅಳೆದು, ಮದ್ರಾಸಿನಿಂದ ಲೆಕ್ಕ ಹಾಕಿಕೊಂಡು ಬಂದ ಉದ್ದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸವೆಂದು ತಾಳೆ ನೋಡಿದರು. ಕೆಲವೇ ಅಂಗುಲಗಳ ವ್ಯತ್ಯಾಸ ಬಂತು, ಅದನ್ನೂ ಪ್ರಕಟಿಸಿದರು. ಆ ನಕ್ಷೆಗಳನ್ನು ಜನ ನಂಬಲು ಅದೂ ಒಂದು ಕಾರಣ. ಬಾಸ್‌ನಂಥ ಕೆಲಸವನ್ನು ಸಾಕಿದ ಊರಿಗೆ ಈ ಪರಂಪರೆ ಇದೆಯೆಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ದೋಷಗಳ ದಾಖಲೆಯನ್ನು ಬಹಿರಂಗವಾಗಿ ಇಡುವುದಕ್ಕೆ ಬರುವ ಆಕ್ಷೇಪಗಳು ಹಗುರವಾದವೇನಲ್ಲ. ಎಲ್ಲರಿಗಿಂತ ಮೊದಲು ಭದ್ರತೆಯವರು ಮಾತಾಡುತ್ತಾರೆ: ದೋಷವನ್ನು ಬಹಿರಂಗವಾಗಿ ಬರೆದರೆ ಕಳ್ಳರಿಗೆ ದಾರಿ ತೋರಿಸಿದಂತಲ್ಲವೇ? ಅವರ ಮಾತು ಅರ್ಧ ಸರಿ. ದಾಳಿಗೆ ಬಳಸಬಹುದಾದ ದೋಷವನ್ನು ತಿದ್ದುಪಡಿ ಸಿದ್ಧವಾಗುವವರೆಗೆ ಮರೆಯಲ್ಲಿ ಇಡಲೇಬೇಕು. ಬಗ್‌ಜಿಲ್ಲಾದಲ್ಲಿ ಅದಕ್ಕೆಂದೇ ಏರ್ಪಾಡಿದೆ, ದೇಶದ ಮಟ್ಟದಲ್ಲಿ 2004ರಿಂದ ಸರ್ಟ್-ಇನ್ ಸಂಸ್ಥೆಯಿದೆ. ಆದರೆ ಮರೆಗೆ ಗಡುವು ಬೇಕು. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ 90 ದಿನಗಳ ಗಡುವನ್ನು ಪಾಲಿಸುತ್ತದೆ. ಗಡುವಿಲ್ಲದ ಗುಟ್ಟು ಬೇಗನೆ ಸೋಮಾರಿತನಕ್ಕೆ ಆಶ್ರಯವಾಗುತ್ತದೆ. ಭದ್ರತೆಯ ಹೆಸರಿನಲ್ಲಿ ಅರ್ಕಾವೊತ್ತಿನ ದೂರನ್ನೂ ಕಪಾಟಿನಲ್ಲಿ ಬೀಗ ಹಾಕಿ ಇಡುವ ಕಾಲ ಬಂದರೆ ಅಚ್ಚರಿಯಿಲ್ಲ. ಮರೆಯಲ್ಲಿರುವ ದೂರುಗಳ ಸಂಖ್ಯೆ ಮತ್ತು ಅವು ಎಷ್ಟು ದಿನಗಳಿಂದ ಹಾಗಿವೆ ಎಂಬುದಾದರೂ ಹೊರಗೆ ಕಾಣುವಂತಿರಲಿ.

ಬಹಿರಂಗವಾಗಿ ಇಟ್ಟ ಮಾತ್ರಕ್ಕೆ ದೋಷ ತಪ್ಪುವುದಿಲ್ಲ ಎಂಬುದು ಇನ್ನೂ ಬಲವಾದ ಆಕ್ಷೇಪ. ಡೆಬಿಯನ್ನೇ ಇದಕ್ಕೆ ಸಾಕ್ಷಿ. 2006ರಲ್ಲಿ ಗೂಢಲಿಪೀಕರಣಕ್ಕೆ ಬಳಸುವ ಓಪನ್ಎಸ್ಎಸ್ಎಲ್ ಪ್ಯಾಕೇಜಿನ ಮೇಲೆ ಬಂದ ಒಂದು ದೂರನ್ನು ಬಗೆಹರಿಸಲು ಹೋಗಿ ಎರಡು ಸಾಲು ಸಂಕೇತವನ್ನು ನಿಷ್ಕ್ರಿಯಗೊಳಿಸಿದರು. ಅದರಿಂದ ರಹಸ್ಯ ಕೀಲಿಗಳ ಯಾದೃಚ್ಛಿಕತೆಯೇ ಹೊರಟುಹೋಗಿ, ಊಹಿಸಬಲ್ಲ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದವು. 2008ರ ಮೇ ತಿಂಗಳವರೆಗೆ ಯಾರ ಗಮನಕ್ಕೂ ಬರಲಿಲ್ಲ. ದೂರು, ಚರ್ಚೆ, ತಿದ್ದುಪಡಿ ಎಲ್ಲವೂ ಅಷ್ಟು ದಿನ ಎಲ್ಲರ ಕಣ್ಣೆದುರೇ ಇದ್ದವು. ಹಾಗಾಗಿ ಸಾರ್ವಜನಿಕ ಟ್ರ್ಯಾಕರ್ ಇದ್ದರೆ ತಪ್ಪೇ ಆಗದು ಎಂದು ನಾನು ಹೇಳಲಾರೆ. ಆದರೆ ವಿಷಯ ಬಯಲಾದ ದಿನ, ತಪ್ಪು ಯಾವ ದೂರಿನಿಂದ ಶುರುವಾಯಿತು, ಯಾರನ್ನು ಏನು ಕೇಳಲಾಯಿತು, ಎಲ್ಲಿ ಅರ್ಥ ತಪ್ಪಿತು ಎಂಬುದನ್ನು ಜಗತ್ತಿನ ಯಾರು ಬೇಕಾದರೂ ಸಾಲು ಸಾಲಾಗಿ ಓದಬಹುದಿತ್ತು. ವಿಚಾರಣಾ ಸಮಿತಿ ನೇಮಿಸಿ ವರದಿಗೆ ಕಾಯುವ ಅಗತ್ಯ ಬೀಳಲಿಲ್ಲ.

ಕೆಲಸಕ್ಕೆ ಬಾರದ ದೂರುಗಳ ಪ್ರವಾಹ ಬರುತ್ತದೆ, ಇರುವ ನಾಲ್ಕು ಜನ ಡೆವಲಪರುಗಳು ಅದರಲ್ಲೇ ಮುಳುಗುತ್ತಾರೆ ಎನ್ನುವವರಿಗೆ ಉತ್ತರ ವಿಂಗಡಣೆ. ದೂರು ಓದಿ, ಹಳೆಯದರೊಡನೆ ಹೋಲಿಸಿ, ಆವೃತ್ತಿ ಕೇಳಿ ತಿಳಿದು, ತಮ್ಮ ಯಂತ್ರದಲ್ಲಿ ಮರುಕಳಿಸಿ ನೋಡಲು ದೊಡ್ಡ ಪ್ರೋಗ್ರಾಮರ್ ಬೇಕಿಲ್ಲ. ಗಿಂಡಿಯ ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿಗೂ ಮೈಸೂರಿನ ಪಾಲಿಟೆಕ್ನಿಕ್ ವಿದ್ಯಾರ್ಥಿಗೂ ಅದು ಒಳ್ಳೆಯ ತರಬೇತಿ, ಪಠ್ಯದ ಅಂಕವಾಗಿಯೂ ಕೊಡಬಹುದು. ಭಾಷೆಯ ತೊಡಕಿಗೂ ಪರಿಹಾರ ಇಲ್ಲೇ ಇದೆ. ಚೆನ್ನೈನ ಡೆವಲಪರ್‌ಗೆ ಕನ್ನಡ ಬರದಿರಬಹುದು, ಆದರೆ ಅರ್ಕಾವೊತ್ತು ಎಲ್ಲಿರಬೇಕೆಂದು ಹೇಳಲು ಹೇಗೂ ಕನ್ನಡ ಬಲ್ಲವರೇ ಬೇಕು. ದೂರನ್ನು ಕನ್ನಡದಲ್ಲೇ ತೆಗೆದುಕೊಂಡು, ವಿಂಗಡಿಸುವವರು ಅದರ ಸಾರವನ್ನು ಇಂಗ್ಲಿಷಿನಲ್ಲಿ ಸೇರಿಸಲಿ. ಮೂಲ ಮಾತು ಹಾಗೆಯೇ ಉಳಿಯಲಿ. ಇಂಗ್ಲಿಷ್ ಬಂದರೆ ಮಾತ್ರ ದೂರು ಹೇಳಬಹುದು ಎನ್ನುವ ಭಾರತೀಯ ಭಾಷೆಗಳ ತಂತ್ರಾಂಶ ತನ್ನ ಉದ್ದೇಶಕ್ಕೇ ಬೆನ್ನು ತಿರುಗಿಸಿದಂತೆ.

ಡೆಬಿಯನ್ ಮಾದರಿಯನ್ನೂ ಕಣ್ಣುಮುಚ್ಚಿ ಅನುಸರಿಸಬೇಕಿಲ್ಲ. ಅಲ್ಲಿ ದೂರು ಕೊಟ್ಟವರ ಇಮೇಲ್ ವಿಳಾಸ ಎಲ್ಲರಿಗೂ ಕಾಣುತ್ತದೆ. ನಮ್ಮಲ್ಲಿ ಅದು ಬೇಡ. ಶಾಲಾ ಮಕ್ಕಳು, ಶಿಕ್ಷಕರು ಹಾಕುವ ಚಿತ್ರಗಳಲ್ಲಿ ಫೋನ್ ನಂಬರು, ಆಧಾರ್ ಸಂಖ್ಯೆ ನುಸುಳುವುದು ಖಂಡಿತ. ಅಂಥದ್ದನ್ನು ಮರೆಮಾಡುವ ಸೌಲಭ್ಯ ಮೊದಲ ದಿನದಿಂದಲೇ ಇರಬೇಕು, ಮರೆಮಾಡಿದ ಗುರುತು ಮಾತ್ರ ದಾಖಲೆಯಲ್ಲಿ ಉಳಿಯಬೇಕು. ಇನ್ನು ಸಂಸ್ಥೆಯ ಮಾನ ಹೋಗುತ್ತದೆ ಎಂಬ ಹೆದರಿಕೆಗೆ ಹೆಚ್ಚು ಮಾತು ಬೇಡ. ಡೆಬಿಯನ್ನಿನ ದೂರುಗಳ ಕ್ರಮಸಂಖ್ಯೆ 2021ರಲ್ಲಿ 10 ಲಕ್ಷ ಮುಟ್ಟಿತು. ಅದರಿಂದ ಆ ಯೋಜನೆಯ ಮೇಲಿನ ನಂಬಿಕೆ ಕುಗ್ಗಲಿಲ್ಲ, ನಮ್ಮವರು ಬಾಸ್ ಕಟ್ಟಲು ಆರಿಸಿಕೊಂಡದ್ದೂ ಅದನ್ನೇ.

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿಯನ್ನೂ ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತ ತೆರೆಯುವ ನೀತಿಯನ್ನೂ ಹೊರಡಿಸಿತು. ಸಂಕೇತ ಇಡಲು ಓಪನ್‌ಫೋರ್ಜ್ ಎಂಬ ವೇದಿಕೆಯೂ ಬಂತು. ಸಂಕೇತ ತೆರೆಯುವುದು ಒಳ್ಳೆಯ ಕೆಲಸ. ಆದರೆ ಸಂಕೇತ ಓದಬಲ್ಲವರು ಸಾವಿರಕ್ಕೊಬ್ಬರು, ದೋಷ ಕಂಡು ಹೇಳಬಲ್ಲವರು ಬಳಸುವ ಎಲ್ಲರೂ. ಕರ್ನಾಟಕ ಸರ್ಕಾರ ಕನ್ನಡದ ಫಾಂಟು, ಕೀಲಿಮಣೆ, ಆ್ಯಪ್‌ಗಳಿಗೆ ಹಣ ಕೊಡುತ್ತ ಬಂದಿದೆ, ಮುಂದೆಯೂ ಕೊಡಲಿದೆ. ಇನ್ನು ಮುಂದಿನ ಟೆಂಡರುಗಳಲ್ಲಿ ಮೂರು ಷರತ್ತು ಸೇರಿಸಲಿ: ದೋಷಗಳ ದಾಖಲೆ ಸಾರ್ವಜನಿಕವಾಗಿರಬೇಕು, ಕನ್ನಡದಲ್ಲಿ ಬರೆದ ದೂರನ್ನು ತೆಗೆದುಕೊಳ್ಳಬೇಕು, ಕಾರಣ ಬರೆಯದೆ ಯಾವ ದೂರನ್ನೂ ಮುಚ್ಚಕೂಡದು. ಓದುಗರೂ ಒಂದು ಕೆಲಸ ಮಾಡಬಹುದು. ನಿಮ್ಮ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಕನ್ನಡ ತಪ್ಪಾಗಿ ಮೂಡಿದರೆ ಗೊಣಗಿ ಸುಮ್ಮನಾಗಬೇಡಿ. ಏನು ಟೈಪ್ ಮಾಡಿದಿರಿ, ಏನು ಕಂಡಿತು, ಏನು ಕಾಣಬೇಕಿತ್ತು, ಯಾವ ಆವೃತ್ತಿ ಎಂಬಿಷ್ಟನ್ನು ಬರೆದು ಆ ಯೋಜನೆಯ ಟ್ರ್ಯಾಕರಿಗೆ ಕಳಿಸಿ, ಸಿಕ್ಕ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕಾರಣವಿಲ್ಲದೆ ಮುಚ್ಚಿದರೆ ಮತ್ತೆ ತೆರೆಯಿರಿ.